ಸ್ಟೆಬಿಲೈಸರ್ ಕೊಳ್ಳುವ ಮೊದಲು ನಡುಕ ಎಲ್ಲಿಂದ ಬಂತು ನೋಡಿ

ವೈಬ್ರೇಷನ್ ಇಂಟರ್ನಲ್ಸ್‌ಗೆ ಇನ್ನು ಎರಡೇ ದಿನ ಇತ್ತು. ಮೆಸ್‌ನಲ್ಲಿ ಊಟ ಮುಗಿಸಿ ನಾವು ನಾಲ್ವರು ಡ್ಯಾಂಪಿಂಗ್ ಅನುಪಾತದ ಲೆಕ್ಕ ಹಾಕ್ತಾ ಕೂತಿದ್ವಿ. ಅಷ್ಟರಲ್ಲಿ ನಮ್ಮ ಕನ್ನಡ ಸಂಘದ ಹಳೆಯ ಸೀನಿಯರ್ ಒಬ್ಬರ ವಾಟ್ಸಾಪ್ ಸಂದೇಶ ಬಂತು. ಅಣ್ಣ ಈಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ, ಅಲ್ಲಿ ಒಂದು ಹಳೆಯ ದೊಡ್ಡ ಪಿಕಪ್ ಟ್ರಕ್ ಕೊಂಡಿದ್ದಾರೆ.

"ಏನ್ರೋ, ನೀವೆಲ್ಲ ಮೆಕ್ಯಾನಿಕಲ್ ತಾನೆ? ಗಂಟೆಗೆ 90 ಕಿ.ಮೀ.ನಲ್ಲಿ ಸೇತುವೆ ಜಾಯಿಂಟ್ ದಾಟಿದ್ದೇ ತಡ, ಸ್ಟೀರಿಂಗ್ ಕೈಯಿಂದ ಕಿತ್ಕೊಂಡು ಹೋಗೋ ಥರ ಅಲ್ಲಾಡ್ತು. 30 ಕಿ.ಮೀ.ಗೆ ಇಳಿಯೋವರೆಗೂ ನಿಲ್ಲಲಿಲ್ಲ. ಹಿಂದಿನ ಸೀಟಲ್ಲಿ ಮಗು ಇತ್ತು ಕಣ್ರೋ. ಗ್ಯಾರೇಜಿನವರು ಎರಡು ಸ್ಟೆಬಿಲೈಸರ್ ಇರೋ ಕಿಟ್ ಹಾಕ್ಸಿ ಅಂತಿದ್ದಾರೆ. ಯಾವುದು ತಗೊಳ್ಳಲಿ?"

ನಮ್ಮಲ್ಲೊಬ್ಬ ತಕ್ಷಣ "ಇರೋದ್ರಲ್ಲೇ ದೊಡ್ಡದು ತಗೊಳ್ಳಿ ಅಣ್ಣ" ಅಂತ ಟೈಪ್ ಮಾಡಿದ. ಕಳಿಸುವ ಮೊದಲು ಅವನೇ ಅಳಿಸಿದ. ಕಾರಣ ಇಷ್ಟೇ: ಎದುರಿಗಿದ್ದ ನೋಟ್‌ಬುಕ್‌ನಲ್ಲಿ ನಾವೇ ಬರೆದಿದ್ದ ಸಮೀಕರಣದಲ್ಲಿ ಡ್ಯಾಂಪರ್ ಒಂದೇ ಇರಲಿಲ್ಲ. ಸ್ಪ್ರಿಂಗ್ ಇತ್ತು, ಜಡತ್ವ ಇತ್ತು, ಹೊರಗಿನ ಬಲವೂ ಇತ್ತು. ಉಳಿದ ಮೂರನ್ನು ನೋಡದೆ ಡ್ಯಾಂಪರ್ ಮಾತ್ರ ಬದಲಿಸಿ ಅನ್ನೋದು ಸರಿಯಾ? ಹೈವೇಗೆ ಗಾಡಿ ತೆಗೀಬೇಡಿ ಅಂತ ಅಣ್ಣನಿಗೆ ಹೇಳಿ, ಓದೋಕೆ ಕೂತ್ವಿ. ಆಗ ಕಲಿತದ್ದನ್ನು ಈ ಪಾಠದಲ್ಲಿ ಹಂಚಿಕೊಳ್ತಿದ್ದೇವೆ.

ಏನಿದು, ಯಾವ ಗಾಡಿಯಲ್ಲಿರುತ್ತೆ?

ಸ್ಟೀರಿಂಗ್ ಸ್ಟೆಬಿಲೈಸರ್ ಅಂದ್ರೆ ಅಡ್ಡಡ್ಡ ಮಲಗಿಸಿದ ಒಂದು ಶಾಕ್ ಅಬ್ಸಾರ್ಬರ್, ಅಷ್ಟೇ. ಸ್ಟೀರಿಂಗ್ ಡ್ಯಾಂಪರ್ ಅನ್ನೋದೂ ಇದನ್ನೇ. ಒಂದು ತುದಿ ಆಕ್ಸಲ್‌ಗೋ ಚಾಸಿಗೋ ಕಟ್ಟಿರುತ್ತೆ, ಇನ್ನೊಂದು ತುದಿ ಟೈ ರಾಡ್‌ಗೋ ಡ್ರ್ಯಾಗ್ ಲಿಂಕ್‌ಗೋ. ಚಕ್ರ ಎಡ-ಬಲಕ್ಕೆ ತಿರುಗಿದಾಗ ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ದಬ್ಬುತ್ತೆ. ನಿಧಾನವಾಗಿ ತಿರುಗಿಸಿದರೆ ತಡೆ ಕಡಿಮೆ, ರಪ್ಪಂತ ತಿರುಗಿದರೆ ತಡೆ ಜಾಸ್ತಿ. ಹಾಗಾಗಿ ಚಾಲಕ ತಿರುಗಿಸುವಾಗ ಭಾರ ಅನ್ನಿಸಲ್ಲ, ಆದರೆ ಗುಂಡಿಗೆ ಬಿದ್ದ ಚಕ್ರ ಒದೆಯುವ ಒದೆತ ಕೈವರೆಗೂ ಬರೋದಿಲ್ಲ.

ಎಲ್ಲ ಪಿಕಪ್‌ಗಳಿಗೂ ಇದು ಬೇಕಿಲ್ಲ. ನಮ್ಮ ರಸ್ತೆಗಳಲ್ಲಿ ಕಾಣುವ ಟೊಯೊಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್‌ಗಳ ಮುಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಸ್ವತಂತ್ರ ಸಸ್ಪೆನ್ಷನ್ ಇದೆ. ಅಮೆರಿಕದ ಫೋರ್ಡ್ ಎಫ್-250, ರ‍್ಯಾಮ್ 2500ರ ಫೋರ್‌ವೀಲ್ ಡ್ರೈವ್ ಮಾದರಿಗಳು, ಜೀಪ್ ಗ್ಲೇಡಿಯೇಟರ್ ಹಾಗಲ್ಲ. ಅವುಗಳ ಮುಂದೆ ಇರೋದು ಒಂದೇ ಗಟ್ಟಿ ಆಕ್ಸಲ್. ಭಾರ ಹೊರಲು, ಕಲ್ಲುಮುಳ್ಳು ದಾರಿಗೆ ಅದು ಒಳ್ಳೆಯದು. ಆದರೆ ಎಡ ಚಕ್ರಕ್ಕೆ ಬಿದ್ದ ಪೆಟ್ಟು ಬಲ ಚಕ್ರಕ್ಕೂ ಮುಟ್ಟುತ್ತೆ, ಎರಡೂ ಸೇರಿ ಕುಣಿಯೋಕೆ ಶುರು ಮಾಡುತ್ತವೆ. ಅಲ್ಲಿನವರು ಈ ಕುಣಿತವನ್ನು 'ಡೆತ್ ವಾಬಲ್' ಅಂತಾರೆ. ಹೆಸರು ಭಯ ಹುಟ್ಟಿಸುವಂಥದ್ದೇ, ಅನುಭವಿಸಿದವರು ಹೆಸರು ಸರಿಯಾಗೇ ಇದೆ ಅಂತಾರೆ. ನಮ್ಮಲ್ಲಿ ಮಾರುತಿ ಜಿಮ್ನಿಯ ಮುಂದಿನ ಆಕ್ಸಲ್ ಕೂಡ ಗಟ್ಟಿ ಆಕ್ಸಲ್ಲೇ. ಅದರ ಕೆಳಗೆ ಬಗ್ಗಿ ನೋಡಿದರೆ ಅಡ್ಡಡ್ಡ ಮಲಗಿರುವ ಡ್ಯಾಂಪರ್ ಕಾಣಿಸುತ್ತೆ.

ನಡುಕದ ಲೆಕ್ಕ

ಸೂಪರ್ ಮಾರ್ಕೆಟ್‌ನಲ್ಲಿ ಟ್ರಾಲಿ ಜೋರಾಗಿ ತಳ್ಳಿದಾಗ ಮುಂದಿನ ಚಕ್ರ ಪಟಪಟ ಅಂತ ಅಲ್ಲಾಡೋದನ್ನ ಎಲ್ಲರೂ ನೋಡಿರ್ತೀರಿ. ಯಾರೂ ಅದನ್ನು ಅಲ್ಲಾಡಿಸ್ತಿಲ್ಲ. ಮುಂದಕ್ಕೆ ಉರುಳುವ ಚಲನೆಯಿಂದಲೇ ಅದು ಶಕ್ತಿ ಕದ್ದು ಕುಣಿಯುತ್ತೆ. ಪಿಕಪ್‌ನ ನಡುಕವೂ ಇದೇ ಜಾತಿ.

ಇಲ್ಲಿ ಎರಡು ಬಗೆಯ ನಡುಕವನ್ನು ಬೇರೆ ಮಾಡಿ ನೋಡಬೇಕು. ಮೊದಲನೆಯದು ಹೊರಗಿನ ತಳ್ಳುವಿಕೆಯಿಂದ ಬರೋದು. ಅಣ್ಣನ ಗಾಡಿಯ ಟೈರ್ ಅಳತೆ 275/70 ಆರ್ 18. ಅಂದ್ರೆ ಅಗಲ 275 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 70, ರಿಮ್ 18 ಇಂಚು. ಕೂಡಿದರೆ ಹೊರ ವ್ಯಾಸ ಸುಮಾರು 842 ಮಿ.ಮೀ., ಸುತ್ತಳತೆ ಸುಮಾರು 2.65 ಮೀಟರ್. ಗಂಟೆಗೆ 80 ಕಿ.ಮೀ. ಅಂದ್ರೆ ಸೆಕೆಂಡಿಗೆ 22.2 ಮೀಟರ್. ಭಾಗಿಸಿ ನೋಡಿ: ಚಕ್ರ ಸೆಕೆಂಡಿಗೆ ಸುಮಾರು 8.4 ಸುತ್ತು ತಿರುಗುತ್ತೆ. ಬ್ಯಾಲೆನ್ಸ್ ಇಲ್ಲದ ಚಕ್ರ ಪ್ರತಿ ಸುತ್ತಿಗೂ ಒಂದು ಸಲ ತಳ್ಳುತ್ತೆ. ಸ್ಟೀರಿಂಗ್ ವ್ಯವಸ್ಥೆಯ ಸಹಜ ಆವರ್ತನವೂ ಅದರ ಆಸುಪಾಸಿನಲ್ಲಿದ್ದರೆ ಅನುರಣನೆ, ಅಂದ್ರೆ ನಾವೆಲ್ಲ ಬಾಯಿಪಾಠ ಮಾಡಿರೋ ರೆಸೊನೆನ್ಸ್. ಈ ಬಗೆಯ ನಡುಕ ಒಂದು ನಿರ್ದಿಷ್ಟ ವೇಗದಲ್ಲಿ ಬರುತ್ತೆ, ವೇಗ ಸ್ವಲ್ಪ ಹೆಚ್ಚು-ಕಡಿಮೆ ಮಾಡಿದರೆ ಹೋಗುತ್ತೆ.

ಎರಡನೆಯದು ತನ್ನನ್ನು ತಾನೇ ಬೆಳೆಸಿಕೊಳ್ಳೋದು. ಒಂದು ಗುಂಡಿ, ಒಂದು ಸೇತುವೆ ಜಾಯಿಂಟ್ ಕಿಡಿ ಹೊತ್ತಿಸಿದರೆ ಸಾಕು. ಉರುಳುವ ಟೈರ್ ಪ್ರತಿ ಆವರ್ತನಕ್ಕೂ ಸ್ವಲ್ಪ ಶಕ್ತಿ ಕೊಡುತ್ತೆ, ಸ್ಟೆಬಿಲೈಸರ್ ಮತ್ತು ಜಾಯಿಂಟ್‌ಗಳ ಘರ್ಷಣೆ ಸ್ವಲ್ಪ ಶಕ್ತಿ ತಿನ್ನುತ್ತೆ. ತಿನ್ನೋದು ಹೆಚ್ಚಿದ್ದರೆ ನಡುಕ ಸಾಯುತ್ತೆ. ಕೊಡೋದು ಹೆಚ್ಚಾದರೆ ನಡುಕ ಬೆಳೆಯುತ್ತೆ. ನಿಲ್ಲಿಸಬೇಕೆಂದರೆ ವೇಗ ಪೂರ್ತಿ ಇಳಿಸಬೇಕು. ಅಣ್ಣ ಹೇಳಿದ್ದು ಇದನ್ನೇ.

ಈಗ ಸವೆದ ಜಾಯಿಂಟ್ ಏನು ಮಾಡುತ್ತೆ ಯೋಚಿಸಿ. ಎರಡು ಮಿ.ಮೀ. ಸಡಿಲ ಇದ್ದರೆ, ಆ ಎರಡು ಮಿ.ಮೀ. ಒಳಗೆ ಚಕ್ರವನ್ನು ಹಿಡಿಯುವವರೇ ಇಲ್ಲ. ಅಲ್ಲಿ ಸ್ಪ್ರಿಂಗ್ ಬಲ ಸೊನ್ನೆ. ಹೊಸ ಸ್ಟೆಬಿಲೈಸರ್ ಹಾಕಿದರೆ ತಿನ್ನುವ ಶಕ್ತಿ ಹೆಚ್ಚಾಗಿ ನಡುಕ ನಿಲ್ಲಬಹುದು, ನಿಜ. ಆದರೆ ಸಡಿಲ ಅಲ್ಲೇ ಇದೆ, ದಿನದಿನಕ್ಕೆ ಸವೀತಾ ಇದೆ. ಆರು ತಿಂಗಳೋ ವರ್ಷವೋ ಆದಮೇಲೆ ಸ್ಟೆಬಿಲೈಸರ್ ಸುಸ್ತಾದಾಗ ನಡುಕ ವಾಪಸ್ ಬರುತ್ತೆ. ಆಗ ಎರಡು ಮಿ.ಮೀ. ನಾಲ್ಕಾಗಿರುತ್ತೆ. ಜ್ವರಕ್ಕೆ ಮಾತ್ರೆ ನುಂಗಿ ಟೈಫಾಯ್ಡ್ ಬಿಟ್ಟ ಹಾಗೆ.

ಕೊಳ್ಳುವ ಮೊದಲು ಮಾಡಬೇಕಾದ್ದು

ಇದಕ್ಕೆ ಅಲ್ಲಿನ ಮೆಕ್ಯಾನಿಕ್‌ಗಳು ಬಳಸುವ ಒಂದು ಸರಳ ಪರೀಕ್ಷೆ ಇದೆ. ಗಾಡಿ ಸಮತಟ್ಟಾದ ನೆಲದ ಮೇಲೆ, ಚಕ್ರಗಳು ನೆಲದ ಮೇಲೇ ಇರಬೇಕು, ಜಾಕ್ ಹಾಕಬಾರದು. ಗೇರ್ ಪಾರ್ಕ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಪದೇ ಪದೇ ಆಡಿಸಬೇಕು. ಇನ್ನೊಬ್ಬರು ಪಕ್ಕದಿಂದ ಬಗ್ಗಿ ಪ್ರತಿ ಜಾಯಿಂಟನ್ನೂ ನೋಡಬೇಕು, ಆಗೋದಾದರೆ ಬೆರಳಿಟ್ಟು ಮುಟ್ಟಿ ನೋಡಬೇಕು. ಒಂದು ಭಾಗ ಅಲ್ಲಾಡಿ ಅದಕ್ಕೆ ಕಟ್ಟಿದ ಇನ್ನೊಂದು ಭಾಗ ತಡವಾಗಿ ಅಲ್ಲಾಡಿದರೆ, ಕಳ್ಳ ಅಲ್ಲೇ ಇದ್ದಾನೆ.

ನೋಡಬೇಕಾದ ಜಾಗಗಳು ಇವು. ಮೊದಲಿಗೆ ಟ್ರ್ಯಾಕ್ ಬಾರ್: ಆಕ್ಸಲ್ ಅಡ್ಡಡ್ಡ ಸರಿಯದಂತೆ ಚಾಸಿಗೆ ಕಟ್ಟಿ ಹಿಡಿಯುವ ಕಂಬಿ. ಇದರ ಬುಷ್ ಹರಿದಿರಬಹುದು, ಬೋಲ್ಟ್ ಸಡಿಲ ಆಗಿರಬಹುದು, ಸಡಿಲ ಬೋಲ್ಟಿನಿಂದ ತೂತು ಮೊಟ್ಟೆಯಾಕಾರಕ್ಕೆ ತಿರುಗಿರಬಹುದು. ಆಮೇಲೆ ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕ್ ತುದಿಗಳು, ಸ್ಟೀರಿಂಗ್ ಗೇರ್ ಬಾಕ್ಸ್ ಮತ್ತು ಅದನ್ನು ಚಾಸಿಗೆ ಹಿಡಿದ ಬೋಲ್ಟ್‌ಗಳು. ಬಾಲ್ ಜಾಯಿಂಟ್ ಮತ್ತು ವೀಲ್ ಬೇರಿಂಗ್ ನೋಡೋಕೆ ಮಾತ್ರ ಚಕ್ರ ಎತ್ತಬೇಕು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿಯೇ ಕೈ ಹಾಕಬೇಕು.

ಜಾಯಿಂಟ್‌ಗಳೆಲ್ಲ ಗಟ್ಟಿ ಇದ್ದರೆ ಟೈರ್ ಕಡೆ ಬನ್ನಿ. ಗಾಳಿ, ಬ್ಯಾಲೆನ್ಸ್, ಅಲ್ಲಲ್ಲಿ ತಗ್ಗು ಬಿದ್ದ ಸವೆತ. ಕೊನೆಗೆ ಅಲೈನ್‌ಮೆಂಟ್. ಗಾಡಿಯನ್ನು ಲಿಫ್ಟ್ ಕಿಟ್ ಹಾಕಿ ಎತ್ತರಿಸಿದ್ದರೆ ಕ್ಯಾಸ್ಟರ್ ಕೋನ ಕಡಿಮೆಯಾಗಿರುತ್ತೆ. ಚಕ್ರ ತಾನಾಗಿ ನೇರಕ್ಕೆ ಮರಳುವ ಗುಣ ಬರೋದೇ ಕ್ಯಾಸ್ಟರ್‌ನಿಂದ.

ಒಂದು ಮಾತು ನೆನಪಿಡಿ. ಗಾಡಿ ಒಂದು ಕಡೆ ಎಳೆಯುತ್ತೆ, ಹೈವೇಯಲ್ಲಿ ಅತ್ತಿತ್ತ ಅಲೆಯುತ್ತೆ, ತಿರುವಿನ ನಂತರ ಸ್ಟೀರಿಂಗ್ ನೇರಕ್ಕೆ ಬರಲ್ಲ ಅನ್ನೋ ದೂರುಗಳಿಗೆ ಸ್ಟೆಬಿಲೈಸರ್ ಮದ್ದಲ್ಲ. ಡ್ಯಾಂಪರ್‌ಗೆ ಗೊತ್ತಿರೋದು ವೇಗವನ್ನು ತಡೆಯೋದು ಮಾತ್ರ. ಯಾವುದು ನೇರ, ಯಾವುದು ಸೊಟ್ಟ ಅಂತ ಅದಕ್ಕೆ ಗೊತ್ತಿಲ್ಲ.

ಹಳೆಯದು ನಿಜಕ್ಕೂ ಹೋಗಿದೆಯಾ?

ಹೊರಮೈ ಮೇಲೆ ತೆಳುವಾಗಿ ಎಣ್ಣೆ ಪಸೆ ಇದ್ದರೆ ಹೆದರಬೇಕಿಲ್ಲ. ತೊಟ್ಟಿಕ್ಕುತ್ತಿದ್ದರೆ, ರಾಡ್ ಬಾಗಿದ್ದರೆ, ರಾಡಿನ ಮೇಲೆ ತುಕ್ಕು ಗೀರು ಇದ್ದರೆ ಬದಲಿಸಬೇಕು. ಬಿಚ್ಚಿದ ಮೇಲೆ ಗಾಡಿಯಲ್ಲಿದ್ದ ಹಾಗೇ ಅಡ್ಡ ಹಿಡಿದು ಪೂರ್ತಿ ಎಳೆದು ಪೂರ್ತಿ ತಳ್ಳಿ, ನಾಲ್ಕೈದು ಸಲ. ತಡೆ ಉದ್ದಕ್ಕೂ ಒಂದೇ ಸಮ ಇರಬೇಕು. ದಿಕ್ಕು ಬದಲಿಸುವಾಗ ಸ್ವಲ್ಪ ದೂರ ಖಾಲಿ ಖಾಲಿ ಹೋಗಿ ಆಮೇಲೆ ಹಿಡಿದರೆ ಒಳಗೆ ಗಾಳಿ ಸೇರಿದೆ ಅಥವಾ ಎಣ್ಣೆ ಕಡಿಮೆಯಾಗಿದೆ. ನಡುಕ ಇರೋದು ಆ ಸಣ್ಣ ದೂರದಲ್ಲೇ ಆದ್ದರಿಂದ ಅಂಥ ಡ್ಯಾಂಪರ್ ಇದ್ದೂ ಇಲ್ಲದ ಹಾಗೆ.

ಎಣ್ಣೆಯಲ್ಲಿ ಗುಳ್ಳೆ ಏನು ಮಾಡುತ್ತೆ ಅನ್ನೋಕೆ ಒಂದು ದೊಡ್ಡ ಉದಾಹರಣೆ ಇದೆ. ಹೊಸ ಜೀಪ್ ರ‍್ಯಾಂಗ್ಲರ್‌ಗಳಲ್ಲಿ ನಡುಕದ ದೂರುಗಳು ಬಂದು, 2019ರಲ್ಲಿ ಕಂಪನಿ ಸ್ಟೀರಿಂಗ್ ಡ್ಯಾಂಪರ್ ಬದಲಿಸಿಕೊಡಲು ಮುಂದಾಯಿತು. ಚಳಿಯಲ್ಲಿ ಡ್ಯಾಂಪರ್‌ನ ಎಣ್ಣೆಯೊಳಗೆ ಗುಳ್ಳೆ ಏಳುತ್ತಿತ್ತು ಅನ್ನೋದು ಅವರು ಕೊಟ್ಟ ಕಾರಣ. ಎಣ್ಣೆಯನ್ನು ಒತ್ತಿದರೆ ಕುಗ್ಗಲ್ಲ, ಗುಳ್ಳೆ ಕುಗ್ಗುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಮೊದಲ ವಾರದ ಪಾಠ ಅದು. ಅಂದ್ರೆ ಕೆಲವೊಮ್ಮೆ ತಪ್ಪು ಡ್ಯಾಂಪರ್‌ನದ್ದೇ ಇರುತ್ತೆ. ಅದಕ್ಕೇ ಹೇಳೋದು, ಊಹೆ ಬೇಡ, ಪರೀಕ್ಷೆ ಮಾಡಿ.

ಹಾಗಾದರೆ ಯಾವುದು ಆರಿಸಬೇಕು?

ಉದ್ದ. ಇದನ್ನು ಅಂಗಡಿಯವರ ಮಾತಿಗೆ ಬಿಡಬೇಡಿ, ಟೇಪ್ ಹಿಡಿಯಿರಿ. ಲಿಫ್ಟ್ ಮಾಡಿದ, ಬ್ರ್ಯಾಕೆಟ್ ಬದಲಿಸಿದ ಗಾಡಿಗಳಿಗಂತೂ ಇದು ಕಡ್ಡಾಯ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಎರಡು ಬೋಲ್ಟ್ ತೂತುಗಳ ನಡುವಿನ ದೂರ ಅಳೆಯಿರಿ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಅಳೆಯಿರಿ. ಒಂದು ಕಡೆ 560 ಮಿ.ಮೀ., ಇನ್ನೊಂದು ಕಡೆ 360 ಮಿ.ಮೀ. ಬಂತು ಅನ್ನಿ. ಈಗ ಎರಡು ಸ್ಟೆಬಿಲೈಸರ್ ಎದುರಿಗಿವೆ. ಮೊದಲನೆಯದು ಎಳೆದಾಗ 550, ಒತ್ತಿದಾಗ 340. ಎರಡನೆಯದು ಎಳೆದಾಗ 580, ಒತ್ತಿದಾಗ 345. ಮೊದಲನೆಯದು 10 ಮಿ.ಮೀ. ಕಡಿಮೆ ಬಿತ್ತು. ಅದನ್ನು ಹಾಕಿದರೆ ಸ್ಟೀರಿಂಗ್ ಸ್ಟಾಪ್‌ಗೆ ಮುಟ್ಟುವ ಮೊದಲೇ ಡ್ಯಾಂಪರ್ ಕೊನೆ ಮುಟ್ಟುತ್ತೆ. ಪವರ್ ಸ್ಟೀರಿಂಗ್‌ನ ಪೂರ್ತಿ ಬಲ ರಾಡ್ ಮೇಲೆ, ಬ್ರ್ಯಾಕೆಟ್ ಮೇಲೆ ಬೀಳುತ್ತೆ. ಗಾಡಿ ಒಂದು ಕಡೆ ಪೂರ್ತಿ ತಿರುಗೋದೂ ಇಲ್ಲ. ಎರಡನೆಯದರಲ್ಲಿ ಒಂದು ಕಡೆ 20, ಇನ್ನೊಂದು ಕಡೆ 15 ಮಿ.ಮೀ. ಉಳಿಯುತ್ತೆ. ಚಕ್ರ ನೇರ ಇದ್ದಾಗ ಪಿಸ್ಟನ್ ಹೆಚ್ಚುಕಡಿಮೆ ನಡುವೆ ಇರುತ್ತೆ. ಅದೇ ಸರಿ.

ಗ್ಯಾಸ್ ಒತ್ತಡ. ಕೆಲವು ಸ್ಟೆಬಿಲೈಸರ್‌ಗಳಲ್ಲಿ ಎಣ್ಣೆ ನೊರೆಯಾಗದಂತೆ ನೈಟ್ರೊಜನ್ ತುಂಬಿರುತ್ತಾರೆ. ಒಳ್ಳೆಯದೇ, ಆದರೆ ಒಂದು ತೊಂದರೆ ಇದೆ. ಪಿಸ್ಟನ್ನಿನ ಒಂದು ಬದಿಗೆ ರಾಡ್ ಇದೆ, ಇನ್ನೊಂದು ಬದಿಗೆ ಇಲ್ಲ. ಹಾಗಾಗಿ ಒತ್ತಡ ರಾಡನ್ನು ಸದಾ ಹೊರಕ್ಕೆ ದಬ್ಬುತ್ತಿರುತ್ತೆ. ರಾಡ್ ವ್ಯಾಸ 14 ಮಿ.ಮೀ., ಒತ್ತಡ 10 ಬಾರ್ ಅಂತ ಇಟ್ಟುಕೊಂಡರೆ ಬಲ ಸುಮಾರು 154 ನ್ಯೂಟನ್. ಅಂದ್ರೆ ಹದಿನೈದು-ಹದಿನಾರು ಕೆ.ಜಿ. ತೂಕ ನಿಮ್ಮ ಟೈ ರಾಡನ್ನು ಒಂದೇ ಕಡೆಗೆ ತಳ್ಳುತ್ತಾ ಕೂತ ಹಾಗೆ. ಗಾಡಿ ಆ ಕಡೆಗೆ ಎಳೆದರೆ ಆಶ್ಚರ್ಯ ಇಲ್ಲ. ಒಂದೇ ಸ್ಟೆಬಿಲೈಸರ್ ಹಾಕೋದಾದರೆ ಗ್ಯಾಸ್ ಒತ್ತಡ ಇಲ್ಲದ ಅಥವಾ ತೀರ ಕಡಿಮೆ ಇರುವ ಹೈಡ್ರಾಲಿಕ್ ಮಾದರಿ ಮೇಲು. ರಾಡ್ ಎರಡೂ ಬದಿಗೆ ಹೊರಬರುವ ಮಾದರಿಗಳೂ ಇವೆ, ಫಾಕ್ಸ್ ಕಂಪನಿಯ ಎಟಿಎಸ್ ಅಂಥದ್ದು. ಎರಡೂ ಬದಿಯ ವಿಸ್ತೀರ್ಣ ಸಮ ಇರೋದ್ರಿಂದ ಅಲ್ಲಿ ಈ ತಳ್ಳಾಟ ಇಲ್ಲ. ಬೆಲೆ ಮಾತ್ರ ಜಾಸ್ತಿ.

ಶಾಕ್ ಅಬ್ಸಾರ್ಬರ್ ನಡೆಯುತ್ತಾ? ನಡೆಯಲ್ಲ. ಸಸ್ಪೆನ್ಷನ್ ಶಾಕ್ ಸಾಮಾನ್ಯವಾಗಿ ಎಳೆಯುವಾಗ ಹೆಚ್ಚು ತಡೆಯುತ್ತೆ, ಒತ್ತುವಾಗ ಕಡಿಮೆ. ಸ್ಟೀರಿಂಗ್‌ಗೆ ಎಡಕ್ಕೂ ಬಲಕ್ಕೂ ಒಂದೇ ತಡೆ ಬೇಕು. ಅಲ್ಲದೆ ನಿಲ್ಲಿಸಿ ಕೂರಿಸಲು ಮಾಡಿದ ಮಾಮೂಲಿ ಎರಡು ಕೊಳವೆಯ ಶಾಕನ್ನು ಮಲಗಿಸಿದರೆ ಎಣ್ಣೆ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತೆ.

ಒಂದಾ, ಎರಡಾ? ಎರಡು ಸ್ಟೆಬಿಲೈಸರ್ ಎದುರುಬದುರು ಹಾಕಿದರೆ ಗ್ಯಾಸ್ ತಳ್ಳುವಿಕೆ ಒಂದನ್ನೊಂದು ಹೊಡೆದುಹಾಕುತ್ತೆ, ಡ್ಯಾಂಪಿಂಗ್ ಕೂಡುತ್ತೆ. ದೊಡ್ಡ ಟೈರ್ ಹಾಕಿದವರಿಗೆ ಇದರಿಂದ ನಿಜಕ್ಕೂ ಉಪಯೋಗ ಇದೆ. ತಿರುಗುವ ಜಡತ್ವ ಶೇ. 44 ಹೆಚ್ಚಾದರೆ ಅದರ ವರ್ಗಮೂಲ 1.2. ಅದೇ ಡ್ಯಾಂಪರ್ ಇಟ್ಟುಕೊಂಡರೆ ಡ್ಯಾಂಪಿಂಗ್ ಅನುಪಾತ ಸುಮಾರು ಶೇ. 17 ಇಳಿಯುತ್ತೆ. ಆ ಕೊರತೆ ತುಂಬೋಕೆ ಹೆಚ್ಚು ಡ್ಯಾಂಪಿಂಗ್ ಬೇಕು. ಆದರೆ ಕಂಪನಿ ಅಳತೆಯ ಟೈರ್ ಇರುವ, ಲಿಫ್ಟ್ ಮಾಡದ ಗಾಡಿಗೆ ಸರಿಯಾದ ಒಂದೇ ಸಾಕು. ಹೆಚ್ಚು ಡ್ಯಾಂಪಿಂಗ್ ಹಾಕಿದಷ್ಟೂ ಸ್ಟೀರಿಂಗ್ ನೇರಕ್ಕೆ ಮರಳೋದು ನಿಧಾನ ಆಗುತ್ತೆ, ರಸ್ತೆಯ ಸುಳಿವೂ ಕೈಗೆ ಸಿಗಲ್ಲ. ಸವೆದ ಜಾಯಿಂಟಿನ ಎಚ್ಚರಿಕೆಯೂ ಅದರಲ್ಲೇ ಮುಚ್ಚಿಹೋಗುತ್ತೆ.

ಕಟ್ಟುವ ಜಾಗ. ಇದನ್ನು ಬಹಳ ಜನ ಗಮನಿಸಲ್ಲ. ಡ್ಯಾಂಪರ್ ಟೈ ರಾಡ್ ಜೊತೆ ಸಮಾನಾಂತರ ಇದ್ದಾಗ ಪೂರ್ತಿ ಕೆಲಸ ಮಾಡುತ್ತೆ. ಓರೆಯಾದಷ್ಟೂ ಕೋನದ ಕೊಸೈನ್‌ನ ವರ್ಗದಷ್ಟು ಉಳಿಯುತ್ತೆ. 30 ಡಿಗ್ರಿ ಓರೆ ಇದ್ದರೆ ಉಳಿಯೋದು ಮುಕ್ಕಾಲು ಭಾಗ. ದುಬಾರಿ ಡ್ಯಾಂಪರ್ ತಂದು ಸೊಟ್ಟ ಬ್ರ್ಯಾಕೆಟ್‌ಗೆ ಕಟ್ಟಿದರೆ ಕಾಲುಭಾಗ ದುಡ್ಡು ಅಲ್ಲೇ ಹೋಯ್ತು. ತುದಿಗಳೂ ಹೊಂದಬೇಕು: ಕೆಲವಕ್ಕೆ ಬುಷ್ ಇರುವ ಕಣ್ಣು, ಕೆಲವಕ್ಕೆ ನೇರ ಪಿನ್, ಕೆಲವಕ್ಕೆ ಮೊನಚು ಸ್ಟಡ್. ಟೈ ರಾಡ್‌ಗೆ ಕ್ಲ್ಯಾಂಪ್ ಹಾಕುವ ಕಿಟ್ ಆದರೆ ರಾಡಿನ ದಪ್ಪ ಅಳೆದು ಕೊಳ್ಳಿ, ಕ್ಲ್ಯಾಂಪ್ ಜಾರಿದರೆ ಡ್ಯಾಂಪರ್ ಜಾಗ ಬದಲಾಗಿ ಸ್ಟೀರಿಂಗ್‌ಗೆ ಅಡ್ಡ ಬರುತ್ತೆ.

ಜೋಡಿಸಿದ ಮೇಲೆ ಟಾರ್ಕ್ ರೆಂಚ್‌ನಿಂದ ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ, ಸ್ಪ್ಲಿಟ್ ಪಿನ್ ಇದ್ದರೆ ಹೊಸದೇ ಹಾಕಿ. ಸ್ಟೀರಿಂಗನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಅಂತ ನೋಡಿ. ಆಮೇಲೆ ರಸ್ತೆ.

ಅಣ್ಣನ ಗಾಡಿಗೆ ಏನಾಯ್ತು?

ಆ ಶನಿವಾರ ವಿಡಿಯೊ ಕಾಲ್‌ನಲ್ಲಿ ಪರೀಕ್ಷೆ ನಡೀತು. ಅತ್ತಿಗೆ ಸ್ಟೀರಿಂಗ್ ಆಡಿಸಿದರು, ಅಣ್ಣ ನೆಲದ ಮೇಲೆ ಮಲಗಿ ಫೋನ್ ಹಿಡಿದರು, ನಾವು ನಾಲ್ವರು ಇಲ್ಲಿ ಒಂದು ಲ್ಯಾಪ್‌ಟಾಪ್ ಮುಂದೆ ತಲೆ ತೂರಿಸಿ ಕೂತಿದ್ವಿ. ಟೈ ರಾಡ್ ಸರಿ. ಡ್ರ್ಯಾಗ್ ಲಿಂಕ್ ಸರಿ. "ಅಣ್ಣ, ಟ್ರ್ಯಾಕ್ ಬಾರ್ ಚಾಸಿಗೆ ಸೇರೋ ಕಡೆ ತೋರ್ಸಿ" ಅಂದ್ವಿ. ಅತ್ತಿಗೆ ಸ್ಟೀರಿಂಗ್ ಆಡಿಸಿದ ಪ್ರತಿ ಸಲವೂ ಬೋಲ್ಟ್ ಟಕ್ ಟಕ್ ಅಂತ ಕುಣೀತಿತ್ತು. ಬಿಚ್ಚಿಸಿ ನೋಡಿದರೆ ತೂತು ಮೊಟ್ಟೆಯಾಕಾರ.

ಬ್ರ್ಯಾಕೆಟ್ ಸರಿ ಮಾಡಿಸಿ, ಹೊಸ ಬುಷ್, ಹೊಸ ಬೋಲ್ಟ್ ಹಾಕಿಸಿದರು. ಹಳೆಯ ಸ್ಟೆಬಿಲೈಸರ್ ಕೂಡ ಎಣ್ಣೆ ತೊಟ್ಟಿಕ್ಕಿಸುತ್ತಿತ್ತು, ಅದೂ ಬದಲಾಯ್ತು: ಗ್ಯಾಸ್ ಒತ್ತಡ ಇಲ್ಲದ್ದು, ಕಂಪನಿ ಅಳತೆಯದ್ದು, ಒಂದೇ ಒಂದು. ಟೈರ್ ಬ್ಯಾಲೆನ್ಸ್, ಅಲೈನ್‌ಮೆಂಟ್ ಆದಮೇಲೆ ಅದೇ ಸೇತುವೆ ದಾಟಿ "ಏನೂ ಆಗ್ಲಿಲ್ಲ ಕಣ್ರೋ" ಅಂತ ಕಳಿಸಿದರು. ಗ್ಯಾರೇಜಿನವರು ಹೇಳಿದ ಕಿಟ್ ಹಾಕಿಸಿದ್ದರೂ ಬಹುಶಃ ಅದೇ ಸಂದೇಶ ಬರ್ತಿತ್ತು. ಆ ತೂತು ಮಾತ್ರ ಇನ್ನಷ್ಟು ದೊಡ್ಡದಾಗ್ತಾ ಇರ್ತಿತ್ತು, ಮಗು ಹಿಂದಿನ ಸೀಟಲ್ಲೇ ಇರ್ತಿತ್ತು.

ಯಾವಾಗಲಾದರೂ ನೀವೇ ಅಂಥ ಗಾಡಿ ಓಡಿಸುವಾಗ ನಡುಕ ಬಂದರೆ ಗಾಬರಿಯಾಗಿ ಬ್ರೇಕ್ ಒದೆಯಬೇಡಿ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ನಿಧಾನಕ್ಕೆ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಿ. ನಿಂತ ಮೇಲೆ ಕಾರಣ ಹುಡುಕಿ.

ಕೊನೆಗೆ ನಿಮಗೊಂದು ಮನೆಗೆಲಸ. ಸಡಿಲವಿಲ್ಲದ ಒಂದು ವ್ಯವಸ್ಥೆಯಲ್ಲಿ ಕಂಪನದ ಎತ್ತರ ಪ್ರತಿ ಆವರ್ತನಕ್ಕೆ ಸರಿಯಾಗಿ ಅರ್ಧ ಆಗುತ್ತೆ ಅನ್ನಿ. ಡ್ಯಾಂಪಿಂಗ್ ಅನುಪಾತ ಎಷ್ಟು? ಸುಮಾರು 0.11 ಬಂದರೆ ನಿಮ್ಮ ಲೆಕ್ಕ ಸರಿ. ಈಗ ಆ ಡ್ಯಾಂಪರನ್ನೇ 30 ಡಿಗ್ರಿ ಓರೆಯಾಗಿ ಕಟ್ಟಿ, ಬೇರೆ ಡ್ಯಾಂಪಿಂಗ್ ಏನೂ ಇಲ್ಲ ಅಂತ ಇಟ್ಟುಕೊಂಡು ಇನ್ನೊಂದು ಸಲ ಮಾಡಿ. ನಮಗೆ ಇಂಟರ್ನಲ್ಸ್‌ನಲ್ಲಿ ಈ ಪ್ರಶ್ನೆ ಬರಲಿಲ್ಲ. ಬಂದಿದ್ದರೆ ನಾಲ್ವರಿಗೂ ಪೂರ್ತಿ ಅಂಕ ಸಿಗ್ತಿತ್ತು.